ತಳದಲ್ಲಿ ಒಂದು ಚಮಚ

ಉತ್ತರ ಸೌದಿಯ ಆ ಊರಿನಿಂದ ಅಬುಧಾಬಿಯ ನಮ್ಮ ಮನೆಗೆ ಕಾರಿನಲ್ಲಿ ಎರಡು ದಿನದ ದಾರಿ. ವಿಮಾನದಲ್ಲಿ ಬಾ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಅಕ್ಕ ಕೇಳಲಿಲ್ಲ. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸಾಗಿ ಅರ್ಧ ಆಯುಷ್ಯ ಕಳೆದವಳು. ಕೆಲಸ ಮುಗಿದು ಫೈನಲ್ ಎಕ್ಸಿಟ್ ಆಗಿತ್ತು, ಅಂದರೆ ವೀಸಾ ಖಲಾಸ್, ಹೊರಗೆ ಕಾಲಿಟ್ಟರೆ ವಾಪಸ್ ಇಲ್ಲ. ಇನ್ನು ಸ್ವಲ್ಪ ಕಾಲ ನಮ್ಮ ಜೊತೆ ಇರುವುದೆಂದು ತೀರ್ಮಾನವಾಗಿತ್ತು. ವಿಮಾನ ಬೇಡವೆನ್ನಲು ಅವಳಿಗಿದ್ದ ಕಾರಣ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಮೊಸರು, ಅದನ್ನು ಕೈಯಲ್ಲಿ ಹಿಡಿದು ವಿಮಾನ ಹತ್ತಲು ಬಿಡುವುದಿಲ್ಲ.

ಅದು ಅಮ್ಮನ ಮೊಸರು. ಅಮ್ಮ ಈಗಿಲ್ಲ. ಅಕ್ಕ ಮೊದಲ ಸಲ ಉಡುಪಿಯಿಂದ ಹೊರಟಾಗ ಅಮ್ಮ ಕೊಟ್ಟುಕಳಿಸಿದ್ದ ಹೆಪ್ಪು ಅದು. ದಿನಾ ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಬಿಡುವುದು, ಮರುದಿನ ಎಷ್ಟೇ ಹಸಿವಾದರೂ ತಳದಲ್ಲಿ ಒಂದು ಚಮಚ ಉಳಿಸುವುದು. ಹೀಗೇ ಅವಳು ಅದನ್ನು ಮರಳುಗಾಡಿನಲ್ಲಿ ಸಾಕಿದ್ದಳು. ಊರಲ್ಲಿ ಅಣ್ಣನ ಮನೆಗೆ ಈಗ ಪ್ಯಾಕೆಟ್ ಮೊಸರು ಬರುತ್ತದೆ. ನನ್ನ ಫ್ರಿಜ್ಜಿನಲ್ಲಿ ಸೂಪರ್‌ಮಾರ್ಕೆಟ್ಟಿನ ಡಬ್ಬ. ಅಮ್ಮನ ಕೈಯದು ಅಂತ ಉಳಿದದ್ದು ಅಕ್ಕನ ಹತ್ತಿರ ಮಾತ್ರ.

"ನಿನ್ನ ಮನೆ ಮುಟ್ಟಿದ ದಿನವೇ ಅಮ್ಮನ ಮೊಸರು ಹಾಕುದು ನಾನು. ಆ ಡಬ್ಬದ್ದೆಲ್ಲ ಆಮೇಲೆ ಬಿಸಾಡು" ಎಂದಿದ್ದಳು ಫೋನಿನಲ್ಲಿ. ಬರುವ ಮೊದಲೇ ಯಜಮಾನಿಕೆ!

ನಾನು, ನಮ್ಮವರು ಇಬ್ಬರೂ ರಜೆ ಹಾಕಿ ಕರೆತರಲು ಹೋದೆವು. ಜನವರಿಯ ಚಳಿ. ಅಕ್ಕನ ಕ್ವಾರ್ಟರ್ಸಿನಲ್ಲಿ ಅವಳ ಜೊತೆಗಿದ್ದವಳು ಸುಡಾನಿನ ನರ್ಸ್, ಎತ್ತರದ ಹೆಂಗಸು, ದೊಡ್ಡ ನಗು. ಅವಳು ಈ ಮೊಸರಿಗೆ 'ಮಾಮಾ ಲಬನ್', ಅಂದರೆ ಅಮ್ಮನ ಮೊಸರು, ಎಂದೇ ಹೆಸರಿಟ್ಟಿದ್ದಳು. ಅದಕ್ಕೆ ಖರ್ಜೂರ ಕಿವುಚಿ ಹಾಕಿ, ಬಟ್ಟಲು ಬಳಿದು ನೆಕ್ಕಿ ತಿನ್ನುತ್ತಿದ್ದಳು. ಅದನ್ನು ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿ.

"ಮೊಸರಿಗೆ ಯಾರಾದ್ರೂ ಖರ್ಜೂರ ಹಾಕ್ತಾರಾ? ನಮ್ಮ ಅಮ್ಮ ನೋಡಿದ್ರೆ ಬಟ್ಟಲು ಕಿತ್ಕೊಳ್ತಿದ್ರು!" ಎಂದು ನಮ್ಮೆದುರೇ ಅವಳಿಗೆ ಕನ್ನಡದಲ್ಲಿ ಬೈದಳು. ಅವಳು ಇನ್ನೊಂದು ಖರ್ಜೂರ ಹಾಕಿಕೊಂಡಳು. ಹೊರಡುವ ಬೆಳಿಗ್ಗೆ ಮಾತ್ರ ಅಕ್ಕ ಅವಳ ಪಾಲಿನ ಒಂದು ಬಟ್ಟಲು ಮೊಸರನ್ನು ಫ್ರಿಜ್ಜಿನಲ್ಲಿಟ್ಟೇ ಬಾಗಿಲು ದಾಟಿದಳು. ಇಬ್ಬರೂ ತಬ್ಬಿಕೊಂಡು ನಿಂತದ್ದು ನೋಡಿ ನಮ್ಮವರು ಸುಮ್ಮನೆ ಹೋಗಿ ಟೈರಿನ ಗಾಳಿ ನೋಡಿದರು.

ಊರು ದಾಟಿದ ಮೇಲೆ ನಫೂದ್ ಮರಳುಗಾಡು. ರಸ್ತೆ ನೆಟ್ಟಗೆ, ಎರಡೂ ಕಡೆ ಕೆಂಪು ಮರಳಿನ ದಿಬ್ಬ, ಅಲ್ಲಲ್ಲಿ ಒಂಟೆ, ಗಂಟೆಗಟ್ಟಲೆ ಬೇರೇನೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಅಕ್ಕ ಡಬ್ಬಿಯನ್ನು ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ನನ್ನ ಬಾಣಂತನದಲ್ಲಿ ನನ್ನ ಮಗನನ್ನೂ ಅವಳು ಅಷ್ಟು ಜೋಪಾನವಾಗಿ ಹಿಡಿದದ್ದು ನನಗೆ ನೆನಪಿಲ್ಲ.

ಮಧ್ಯಾಹ್ನ ಒಂದು ಹಳೆಯ ಪೆಟ್ರೋಲ್ ಪಂಪು ಸಿಕ್ಕಿತು. ಪಕ್ಕದಲ್ಲಿ ಸಣ್ಣ ಮಸೀದಿ, ಹಿಂದೆ ನಲ್ಲಿ. ಗೋಡೆಯ ನೆರಳಲ್ಲಿ ಕೂತು ಅವಲಕ್ಕಿಗೆ ಮೊಸರು ಕಲಸಿ, ಮಿಡಿ ಉಪ್ಪಿನಕಾಯಿ ನಂಜಿಕೊಂಡು ತಿಂದೆವು. ಹುಳಿಯಿಲ್ಲದ, ಗಟ್ಟಿ ಮೊಸರು. ಅಮ್ಮನದೇ ರುಚಿ, ಅದರಲ್ಲಿ ಎರಡು ಮಾತಿಲ್ಲ. ಅಕ್ಕ ಎಂದಿನಂತೆ ತಳದಲ್ಲಿ ಒಂದು ಚಮಚ ಬಿಟ್ಟು ಮುಚ್ಚಳ ಹಾಕಿದಳು. ಅಕ್ಕನೂ ನಾನೂ ಶೌಚಾಲಯಕ್ಕೆ ಹೋದೆವು.

ವಾಪಸ್ ಬಂದಾಗ ಕಾರಿನ ಬಾನೆಟ್ಟಿನ ಮೇಲೆ ಪಾತ್ರೆಗಳು ಸಾಲಾಗಿ ಬೋರಲು ಬಿದ್ದು ಬಿಸಿಲು ಕಾಯಿಸುತ್ತಿದ್ದವು. ತಟ್ಟೆ, ಚಮಚ, ಅವಲಕ್ಕಿ ಪಾತ್ರೆ. ಕೊನೆಯಲ್ಲಿ ಡಬ್ಬಿ, ಫಳಫಳ. ನಮ್ಮವರು ತೋಳು ಮಡಚಿಕೊಂಡು, ಏನೋ ಸಾಧಿಸಿದ ಹಾಗೆ ನಿಂತಿದ್ದರು.

ಇದಕ್ಕೊಂದು ಹಿನ್ನೆಲೆಯಿದೆ. ಮದುವೆಗೆ ಮುಂಚೆ ಅವರಿದ್ದದ್ದು ದುಬೈಯ ಕರಾಮದ ಬ್ಯಾಚುಲರ್ ರೂಮಿನಲ್ಲಿ, ಒಂದೇ ಸಿಂಕಿಗೆ ಎಂಟು ಜನ. ಉಂಡವನು ಎದ್ದ ಕೂಡಲೇ ಪಾತ್ರೆ ತೊಳೆಯದಿದ್ದರೆ ಅವನ ಹಾಸಿಗೆಯ ಮೇಲೆ ಎಂಜಲು ತಟ್ಟೆ ಇಡುತ್ತಿದ್ದರಂತೆ. ಆ ಅಭ್ಯಾಸ ಹೋಗಿಲ್ಲ. ನಾನು ಇಷ್ಟು ವರ್ಷ ಅದನ್ನು ಗೆಳತಿಯರ ಎದುರು ಹೊಗಳಿಕೊಂಡವಳೇ. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

"ಇದನ್ನು ತೊಳೆದದ್ದು ಯಾಕೆ?" ಅಕ್ಕ ಕೇಳಿದಳು, ಮೆಲ್ಲಗೆ.

"ತಳದಲ್ಲಿ ಸ್ವಲ್ಪ ಅಂಟಿಕೊಂಡಿತ್ತು ಅಕ್ಕ. ಹಾಗೇ ಬಿಟ್ರೆ ವಾಸನೆ ಬರ್ತದೆ ಅಂತ..." ಎಂದವರು ಅವಳ ಮುಖ ನೋಡಿ ನಿಲ್ಲಿಸಿದರು.

ಅಕ್ಕ ಡಬ್ಬಿಯೊಳಗೆ ಬೆರಳಾಡಿಸಿ ನೋಡಿದಳು. ಆಮೇಲೆ ಅಲ್ಲೇ ಒಂದು ಸಿಮೆಂಟಿನ ಕಟ್ಟೆಯ ಮೇಲೆ ಕೂತು ಅತ್ತಳು. ದನಿ ತೆಗೆದು, ಬಿಕ್ಕಿ ಬಿಕ್ಕಿ. ಪಂಪಿನ ಬಂಗಾಲಿ ಓಡಿ ಬಂದು, "ಕ್ಯಾ ಹುವಾ?" ಎಂದ. ಮೊಸರು ಹೋಯಿತು ಎಂದು ಹೇಳುವುದು ಹೇಗೆ? ಅಮ್ಮ ತೀರಿಕೊಂಡಾಗ ಅವಳಿಗೆ ರಜೆ ಸಿಕ್ಕಿರಲಿಲ್ಲ. ಸುದ್ದಿ ಕೇಳಿ, ಮುಖ ತೊಳೆದುಕೊಂಡು ಡ್ಯೂಟಿಗೆ ಹೋಗಿದ್ದಳು. ನಾನು ಊರಿಂದ ಫೋನ್ ಮಾಡಿದಾಗಲೂ ಎಲ್ಲ ವಿಧಿ ಸರಿಯಾಗಿ ಆಯಿತಾ ಎಂದಷ್ಟೇ ಕೇಳಿದ್ದಳು. ಅವಳು ಅಮ್ಮನಿಗಾಗಿ ಅತ್ತದ್ದನ್ನು ನಾನು ಮೊದಲು ಕಂಡದ್ದು ಆ ಪೆಟ್ರೋಲ್ ಪಂಪಿನಲ್ಲಿ. ನನಗೂ ತಡೆಯಲಾಗಲಿಲ್ಲ.

ಮತ್ತೆ ಹೊರಟೆವು. ತುಂಬಾ ದೂರ ಹೋದ ಮೇಲೆ ನಮ್ಮವರು ಹೆದರಿ ಹೆದರಿ, "ಅಕ್ಕ, ಅಲ್ಲಿ ಫ್ರಿಜ್ಜಲ್ಲಿ ಒಂದು ಬಟ್ಟಲು ಉಂಟಲ್ಲ?" ಎಂದರು.

"ಉಂಟು! ಅವಳು ಇಷ್ಟೊತ್ತಿಗೆ ನೆಕ್ಕಿ ತೊಳೆದಿಟ್ಟಿರ್ತಾಳೆ, ನಿಮ್ಮ ಹಾಗೆ."

ಬೈದಳಲ್ಲ, ಬದುಕಿದೆವು ಎಂದುಕೊಂಡೆ. ಹಾಯಿಲ್ ಪಟ್ಟಣದ ಹತ್ತಿರ ಬಂದು ಸಿಗ್ನಲ್ ಸಿಕ್ಕಿದ್ದೇ ಅಕ್ಕ ಸುಡಾನಿನವಳಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಡ್ಯೂಟಿಯಲ್ಲಿರಬೇಕು. 'ಲಬನ್ ತಿನ್ನಬೇಡ' ಎಂದು ಮೆಸೇಜು ಹಾಕಿದಳು. ಅದೂ ಓದಿದ ಗುರುತಿಲ್ಲ. ರಿಯಾದಿನ ಹೋಟೆಲಿನಲ್ಲಿ ಉಳಿದೆವು, ಮರುದಿನ ಗಡಿ ದಾಟಿದೆವು. ಗಡಿಯಲ್ಲಿ ಅಕ್ಕ ಫೋನ್ ನೋಡಿದಳು, ರುವೈಸಿನಲ್ಲಿ ಚಹಾ ಕುಡಿಯುವಾಗ ಮತ್ತೆ ನೋಡಿದಳು. ತೊಳೆದ ಡಬ್ಬಿ ಮಾತ್ರ ಅದೇ ಶಾಲಿನಲ್ಲಿ ಅವಳ ಮಡಿಲಲ್ಲೇ ಇತ್ತು.

ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟಿನಿಂದ ಪೆಟ್ಟಿಗೆ ಇಳಿಸುತ್ತಿದ್ದಾಗ ಸುಡಾನಿನವಳ ವೀಡಿಯೊ ಕಾಲ್ ಬಂತು. ಎರಡು ಶಿಫ್ಟ್ ಸೇರಿಸಿ ಮಾಡಿ ಬಂದು, ಫೋನ್ ಕೈಗೆತ್ತಿಕೊಳ್ಳದೆ ಮಲಗಿಬಿಟ್ಟಿದ್ದಳಂತೆ.

"ಮಾಮಾ ಲಬನ್ ತಿಂದೆಯಾ?" ಅಕ್ಕ ಅರಬ್ಬಿಯಲ್ಲಿ ಕೇಳಿದಳು.

"ತಿಂದೆ. ಖರ್ಜೂರ ಹಾಕಿ."

ಅಕ್ಕ ಗೋಡೆಗೆ ಒರಗಿದಳು. ಸುಡಾನಿನವಳು ಅಲ್ಲಿ ಎದ್ದು ಫ್ರಿಜ್ ತೆರೆದು, ಒಂದು ಪಾತ್ರೆಯನ್ನು ಫೋನಿನ ಎದುರು ತಂದು ಓರೆ ಮಾಡಿದಳು. ತುಂಬಾ ಮೊಸರು. ಗಟ್ಟಿ, ಜಾರಲಿಲ್ಲ.

"ತಿನ್ನುವ ಮೊದಲು ಒಂದು ಚಮಚ ಹಾಲಿಗೆ ಹಾಕಿದೆ. ಇಷ್ಟು ವರ್ಷ ದಿನಾ ರಾತ್ರಿ ನೀನು ಮಾಡಿದ್ದು ನೋಡಿಲ್ಲವಾ ನಾನು? ನಿನಗೆ ಬೇಕಾದರೆ ಬಂದು ತಗೊಂಡು ಹೋಗು. ಯಲ್ಲಾ, ಬೇಗ ಬಾ!"

ಅಕ್ಕನಿಗೆ ಅಲ್ಲಿಗೆ ಮತ್ತೆ ಹೋಗಲಾಗುವುದಿಲ್ಲ. ಅದು ಇಬ್ಬರಿಗೂ ಗೊತ್ತು. ನಮ್ಮವರು ಪೆಟ್ಟಿಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಅಕ್ಕ ದುಪಟ್ಟಾದ ತುದಿಯಿಂದ ಕಣ್ಣೊರಸಿಕೊಂಡಳು.

"ನೀನೇ ಇಟ್ಕೊ. ದಿನಾ ಹಾಕು. ತಳದಲ್ಲಿ ಒಂದು ಚಮಚ ಬಿಡುದು ಮರೀಬೇಡ" ಎಂದಳು. ಅವಸರದಲ್ಲಿ ಕನ್ನಡದಲ್ಲೇ ಹೇಳಿದ್ದಳು. ಅದು ಗೊತ್ತಾಗಿ ಅರಬ್ಬಿಯಲ್ಲಿ ಮತ್ತೊಮ್ಮೆ ಹೇಳಿದಳು. ಫೋನ್ ಇಡುವ ಮೊದಲು ಇನ್ನೊಂದು ಮಾತು ಸೇರಿಸಿದಳು:

"ಖರ್ಜೂರ ಹಾಕ್ಕೊಂಡೇ ತಿನ್ನು. ಅಮ್ಮ ಏನೂ ಹೇಳುದಿಲ್ಲ."