ಮುಖದ ಮೇಲಿನ ಮುಳ್ಳು

ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆಯವನು ಕಂಬಳಿ ನೇಯುತ್ತಿದ್ದ. ಮಗ್ಗಕ್ಕೆ ಕೂರುವ ಮುನ್ನ ಹೊಟ್ಟೆಯ ಬಲಗಡೆ ಅಂಗೈ ಇಟ್ಟು, “ನಮ್ಮವ್ವ ಇಲ್ಲೇ ಐದಾಳೆ” ಅನ್ನುತ್ತಿದ್ದ. ಅವಳು ಕೊಟ್ಟ ಕಿಡ್ನಿ ಅಲ್ಲಿತ್ತು.

ಕಸಿಯಾದ ಮರುವರ್ಷ ಅವನ ಮೂಗು, ಕೆನ್ನೆಗಳ ಮೇಲೆಲ್ಲ ಸಣ್ಣ ಗುಳ್ಳೆಗಳೆದ್ದವು. ಒಂದೊಂದರ ತುದಿಯಲ್ಲೂ ಕೈಗೆ ಚುಚ್ಚುವಂಥ ಮುಳ್ಳು. ಹುಬ್ಬು ಪೂರಾ ಉದುರಿತು. ಅವನವ್ವ ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿ, ಅಡುಗೆಗೆ ಒಗ್ಗರಣೆ ನಿಲ್ಲಿಸಿದಳು. ಕಿಡ್ನಿಯ ಮಾತ್ರೆಗಳನ್ನೂ ನಿಲ್ಲಿಸಿದಳು.

“ಅಮ್ಮ ಎದ್ದೈತೆ. ಅದು ಹೋಗೋ ತನ್ಕ ಔಷ್ದಿ ಮುಟ್ಬಾರ್ದು ಕಣ್ರಿ,” ಅಂದಳು.

ಕೆಲವು ವಾರಗಳಲ್ಲಿ ಮುಳ್ಳು ಉದುರಿ ಮುಖ ನುಣುಪಾಯಿತು. ಆಮೇಲೆ ಕಾಲು ಊದಿದವು.

ಆಸ್ಪತ್ರೆಗೆ ಜೊತೆಗೆ ಹೋದವನು ನಾನು. ಅದು ಅಪರೂಪದ ವೈರಸ್ ಎಂದರು ಡಾಕ್ಟರು. ಮಾತ್ರೆ ಮೈಯ ಕಾವಲನ್ನು ತಗ್ಗಿಸಿದ್ದಕ್ಕೆ ಅದು ಎದ್ದಿತ್ತು. ಮಾತ್ರೆ ಬಿಟ್ಟಾಗ ಮೈ ಮತ್ತೆ ಚೇತರಿಸಿಕೊಂಡು ವೈರಸ್ಸನ್ನು ಓಡಿಸಿತು, ಪರರದೆಂದು ಕಿಡ್ನಿಯನ್ನೂ ಕೊಂದಿತು.

“ಅವ್ವುಂಗೆ ಹೇಳ್ಬ್ಯಾಡ್ರಿ,” ಎಂದು ಅವನು ನನ್ನ ಕೈ ಹಿಡಿದ.

ಡಯಾಲಿಸಿಸ್ ಹಾಸಿಗೆಯ ಪಕ್ಕ ಕೂತು ಅವ್ವ ಅವನ ಕೆನ್ನೆ ಸವರಿದಳು. “ಒಂದು ಕಲೆನೂ ಉಳೀದಂಗೆ ಹೋದ್ಲು ನೋಡ್ರಿ ಅಮ್ಮ.”

ಅವನು ಬಲಗಡೆ ಅಂಗೈ ಇಟ್ಟು, ಅವಳನ್ನೇ ನೋಡುತ್ತ ಅಂದ:

“ನಮ್ಮವ್ವ ಇಲ್ಲೇ ಐದಾಳೆ.”