ಚೌಕದ ಕಡೆಯ ಕಿಟಕಿ

ಬೆಳಿಗ್ಗೆ ಹೊಲಿಗೆ ಮಿಷನ್ನಿಗೆ ವಿಭೂತಿ ಹಚ್ಚದೆ ಮಹೇಶ್ವರಿ ಸೂಜಿಗೆ ದಾರ ಪೋಣಿಸಿದವಳಲ್ಲ. ಮಿಷನ್ನಿನ ಕಪ್ಪು ಕುತ್ತಿಗೆಗೆ ಮೂರು ಗೆರೆ, ಎದುರಿನ ಗೋಡೆಗೆ ಮೂರು ಗೆರೆ, ಆಮೇಲೆ ಚಕ್ರವನ್ನು ಬರಿದೆ ಒಂದು ಸುತ್ತು ತಿರುಗಿಸಿ ಕೈಮುಗಿಯಬೇಕು. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಹತ್ತೊಂಬತ್ತು ವರ್ಷ ಆ ಗೋಡೆ ಶಿರಸಿಯ ಚೌಕಕ್ಕೆ ಮುಖಮಾಡಿದ ಅವಳ ಬಾಡಿಗೆ ಅಂಗಡಿಯದಾಗಿತ್ತು. ಈಗ ನಾಲ್ಕು ತಿಂಗಳಿಂದ ಹತ್ತಿರದ ಹಳ್ಳಿ ಇಸಳೂರಿನ ಅವಳ ಮನೆಯ ಹಿಂದಿನ ಕೋಣೆಯ ಗೋಡೆ. ಈ ಹೊಸ ಗೋಡೆಗೆ ವಿಭೂತಿ ಹಿಡಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಉದುರಿ ನೆಲದ ಮೇಲಿರುತ್ತದೆ. ಅದನ್ನು ಒರೆಸುವಾಗೆಲ್ಲ ಅವಳಿಗೆ ದೇವಕಿಯ ನೆನಪಾಗುತ್ತದೆ. ನೆನಪಾದರೆ ಹೊಟ್ಟೆ ಉರಿಯುತ್ತದೆ.

ದೇವಕಿ ಅವಳ ಪಕ್ಕದ ಅಂಗಡಿಯವಳು. ಮಂಚಿಕೇರಿ ಕಡೆಯವಳು, ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಳು. ಇಬ್ಬರ ನಡುವೆ ಒಂದೇ ಗೋಡೆ. ಹತ್ತು ಗಂಟೆಯ ಚಹಾವನ್ನು ಒಂದೇ ಫ್ಲಾಸ್ಕಿನಿಂದ ಕುಡಿದವರು.

ನಗರಸಭೆಯವರು ಚೌಕಕ್ಕೆ ಕಲ್ಲು ಹಾಸಿ, ಬೆಂಚು ಹಾಕಿ, ಗಾಡಿ ಬಾರದಂತೆ ಸುತ್ತ ಕಂಬ ನೆಟ್ಟರು. ಸಂಜೆ ಬೆಂಚು ತುಂಬತೊಡಗಿತು, ಅಂಗಡಿಗಳು ಖಾಲಿಯಾಗತೊಡಗಿದವು. ಮಹೇಶ್ವರಿಯದು ಮಾತ್ರ ಉಲ್ಟಾ. ಬೆಂಚಿಗೆ ಬಂದ ಹೆಂಗಸರು ಹಾಗೇ ಎದ್ದುಬಂದು ಹೊಲಿಯಲು ರವಿಕೆ ಬಟ್ಟೆಯ ಕಣ ಕೊಟ್ಟುಹೋಗುತ್ತಿದ್ದರು. ಆದರೆ ಒಬ್ಬಳ ಲಾಭಕ್ಕೆ ಕಟ್ಟಡ ನಿಲ್ಲುವುದಿಲ್ಲವಲ್ಲ. ಮಾಲೀಕ ಸಂಗಯ್ಯ ಒಂದು ದಿನ ಬಂದು ಬಾಗಿಲಲ್ಲೇ ನಿಂತು ಇಬ್ಬರಿಗೂ ಹೇಳಿದ:

"ಕೆಳಗಿನ ನಾಕೂ ಅಂಗಡಿ ತಗದು ಎರಡು ಮನಿ ಮಾಡಾಂವ ಅದೀನಿ. ಒಂದು ನನ್ನ ಮಗಳಿಗೆ. ನಿಮ್ಮಿಬ್ಬರ ಅಂಗಡಿ ಕೂಡಿಸಿದ್ದು ಇನ್ನೊಂದು. ಬ್ಯಾರೆದವ್ರಿಗೆ ಬಾಡಗಿ ಕೊಡೂಕಿಂತ ಮೊದ್ಲು ನಿಮಗ ಕೇಳಾಕತ್ತೀನಿ. ಯಾರಿಗೆ ಬೇಕೋ ಮಂಗಳವಾರದೊಳಗ ಹೇಳ್ರಿ."

ಮಹೇಶ್ವರಿ ಯಾವ ದೊಡ್ಡ ಕೆಲಸವನ್ನೂ ದೇವರ ಪ್ರಸಾದ ಕೇಳದೆ ಮಾಡಿದವಳಲ್ಲ. ಚೌಕದ ಹಿಂದಿನ ಈಶ್ವರ ಗುಡಿಯಲ್ಲಿ ಪೂಜಾರರು ಲಿಂಗದ ಎರಡೂ ಬದಿಗೆ ಒದ್ದೆ ಹೂ ಅಂಟಿಸುತ್ತಾರೆ. ಬಲದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಸೋಮವಾರ ಅವಳಿಗೆ ಎಡದ್ದು ಬಿತ್ತು. ಅವಳು ಸಂಗಯ್ಯನಿಗೆ, "ನಾ ಅಂಗಡಿ ಬಿಡಂಗಿಲ್ರಿ" ಅಂದಳು. ಸಂಗಯ್ಯ ತಲೆ ತುರಿಸಿಕೊಂಡ. "ಅಂಗಡಿ ಇದ್ರ ಬಿಡೂ ಮಾತು ಯವ್ವಾ. ಅಂಗಡೀನ ಇರಂಗಿಲ್ಲ." ಅದು ಅವಳ ಕಿವಿಗೆ ಹೋಗಲಿಲ್ಲ, ದೇವರೇ ಬೇಡ ಅಂದಮೇಲೆ ಶಟರ್ ಕೀಳುವವರು ಯಾರು ಎಂಬ ಧೈರ್ಯ. ಅದೇ ಸೋಮವಾರ, ಅದೇ ಗುಡಿಯಲ್ಲಿ ದೇವಕಿಗೆ ಬಲದ ಹೂ ಬಿತ್ತು. ಮಂಗಳವಾರ ಅವಳು ಒಪ್ಪಿಬಿಟ್ಟಳು. ಮುಂದಿನ ತಿಂಗಳು ಶಟರ್ ಕಿತ್ತರು.

ಮನೆ ಕೈತಪ್ಪಿದ್ದಕ್ಕಿಂತ, ಒಂದೇ ದೇವರು ಒಂದೇ ದಿನ ಅವಳಿಗೊಂದು ತನಗೊಂದು ಮಾಡಿದನಲ್ಲ, ಅದು ಮಹೇಶ್ವರಿಗೆ ನುಂಗಲಾರದ ತುತ್ತಾಯಿತು. ಹೊಲಿದದ್ದನ್ನು ಕೊಡಲು ಪೇಟೆಗೆ ಬಂದಾಗೆಲ್ಲ ಚೌಕದ ಆಚೆ ಬದಿಯಿಂದ ಆ ಮನೆಯನ್ನು ನೋಡಿಯೇ ಬಸ್ಸು ಹತ್ತುವಳು. ಶಟರ್ ಇದ್ದಲ್ಲಿ ಮರದ ಬಾಗಿಲು, ಅರಿಶಿನ ಬಳಿದ ಹೊಸ್ತಿಲು. ತನ್ನ ಮಿಷನ್ ಇದ್ದಲ್ಲಿ ದೊಡ್ಡ ಕಿಟಕಿ. ಕಿಟಕಿಯ ಪರದೆಯ ಅಂಚು ಒಂದು ಬೆರಳು ವಾರೆಯಾಗಿದೆ ಎಂದು ಕಂಡ ದಿನ ಅವಳು ಇಸಳೂರಿನವರೆಗೂ ಸಮಾಧಾನದಿಂದ ಹೋದಳು. ಆ ಸಮಾಧಾನಕ್ಕೆ ಸಂಜೆ ದೇವರ ಮುಂದೆ ಕೂತಾಗ ನಾಚಿಕೆಯೂ ಆಯಿತು.

ಹಾಗಿರುವಾಗ ದಾಸನಕೊಪ್ಪದ ದ್ಯಾವಮ್ಮ ಫೋನು ಮಾಡಿದಳು. ಹಳೇ ಗಿರಾಕಿ.

"ಯವ್ವಾ ಮಹೇಶ್ವರಿ, ನಿನ್ನ ಅಂಗಡಿ ಅಂತ ಚಪ್ಪಲಿ ಸಮೇತ ಒಳಗ ನುಗ್ಗಿಬಿಟ್ಟೆ ನೋಡ! ದೇವಕಮ್ಮ ದ್ವಾಸಿ ಹೊಯ್ಯಾಕತ್ತಿದ್ಲು. ಬೈಲಿಲ್ಲ ಪಾಪ, ಎರಡು ದ್ವಾಸಿ ತಿನಿಸಿ ಕಳಿಸಿದ್ಲು. ಕಣ, ಅಳತಿ ಜಂಪರ ಅಲ್ಲೇ ಕೊಟ್ಟೀನಿ. ತಗೊ."

ದೋಸೆಯ ಮಾತಿಗೂ ಹೊಟ್ಟೆ ಉರಿಯಿತು. ಆದರೂ ಹೋಗಲೇಬೇಕಾಯಿತು.

"ಬಾ ಬಾ ಮಾರಾಯ್ತಿ, ಎಂತಕ್ಕೆ ಹೊರಗೇ ನಿಂತೆ?" ದೇವಕಿ ಕೈಹಿಡಿದೇ ಒಳಗೆ ಕರೆದೊಯ್ದಳು. ಕುರ್ಚಿಯ ಮೇಲೆ ಒಂದಲ್ಲ, ಏಳು ಕಣಗಳಿದ್ದವು. "ದಿನಾ ಒಬ್ರಾದ್ರೂ ಬರ್ತ್ರು. ಇದು ಮನೆ ಅಂದ್ರೂ ಕೇಳ್ತ್ರಿಲ್ಲೆ. ನನ್ನ ಝೆರಾಕ್ಸ್ ಕೇಳಿ ಮಾತ್ರ ಒಬ್ರೂ ಬರ್ಲಿಲ್ಲೆ ನೋಡು!"

ಮಹೇಶ್ವರಿ ನಗಲಿಲ್ಲ. ಕಿಟಕಿಯ ಪಕ್ಕದ ಗೋಡೆಯನ್ನೇ ನೋಡುತ್ತಿದ್ದಳು. ಮನೆಗೆಲ್ಲ ಹೊಸ ಬಣ್ಣ; ಒಂದು ಗೇಣಿನಷ್ಟು ಜಾಗ ಮಾತ್ರ ಹಳೆಯದೇ. ಹತ್ತೊಂಬತ್ತು ವರ್ಷದ ಮೂರು ಗೆರೆ ಅಲ್ಲೇ ಇತ್ತು. ಕೆಳಗೆ ಸಣ್ಣ ಹಲಗೆ, ಹಲಗೆಯ ಮೇಲೆ ಬೆಳಗಿನ ದಾಸವಾಳ.

"ಪೇಂಟರಿಗೆ ಮುಟ್ಟಬೇಡ ಅಂದೆ," ಎಂದಳು ದೇವಕಿ.

ಈಗ ದೇವರೂ ಇವಳ ಪಾಲಿಗೇ ಎಂದುಕೊಂಡಳು ಮಹೇಶ್ವರಿ. ನಾಲ್ಕು ತಿಂಗಳ ಮಾತು ಬಾಯಿಗೆ ಬಂತು. "ನಿಮಗ ಬಲಕ್ಕ ಬಿತ್ತು. ನನಗ್ಯಾಕ ಬೀಳ್ಲಿಲ್ರಿ ದೇವಕಕ್ಕಾ?"

"ನೀ ಎಂತ ಕೇಳಿದ್ದೆ?"

"ಅಂಗಡಿ ಬಿಡ್ಲ್ಯಾ ಅಂತ."

ದೇವಕಿ ಮೆಲ್ಲಗೆ ಹೇಳಿದಳು, "ನಾನು ಕೇಳಿದ್ದು, ಮನೆ ಹಿಡಿಯಲಾ ಅಂತ."

ಮಹೇಶ್ವರಿ ಕೂತಳು. ದೇವರು ಭೇದ ಮಾಡಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ. ಈ ಕಿಟಕಿ ಬೇಕೆಂದು ಅವಳು ಕೇಳಿಯೇ ಇರಲಿಲ್ಲ. ದೇವರ ಮೇಲಿನ ಸಿಟ್ಟು ಆ ಕ್ಷಣವೇ ಇಳಿಯಿತು. ದೇವಕಿಯ ಮೇಲಿನದು ಇಳಿಯಲಿಲ್ಲ. ಈಗ ಅದಕ್ಕೊಂದು ನೆಪವೂ ಇರಲಿಲ್ಲ.

ದೇವಕಿ ಪರದೆ ಸರಿಸಿದಳು. ಚೌಕದ ಬಿಸಿಲು ಒಳಗೆ ಬಂತು. "ಒಂದು ಮಾತು. ಹಗಲು ಹೊತ್ತು ನಾನೊಬ್ಳೇ ಇರ್ತೆ. ನಿನ್ನ ಮಿಷನ್ ತಂದು ಇಲ್ಲೇ ಇಡು. ಬಾಡಿಗೆ ಗೀಡಿಗೆ ಎಂತದ್ದೂ ಬೇಡ. ಬಂದವ್ರು ಬರ್ಲಿ, ಚಪ್ಪಲಿ ಹೊರಗೆ ಬಿಟ್ರೆ ಸಾಕು."

ಅದೇ ಜಾಗ. ಅದೇ ಬೆಳಕು. ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ಗುರುತು ಹಿಡಿದು ಕೈ ಎತ್ತಿದಳು. ಮಹೇಶ್ವರಿಯ ಬಲಗಾಲು ಪೆಡಲಿನ ಮೇಲಿದ್ದಂತೆ ತಾನಾಗಿ ಒಮ್ಮೆ ಅಲುಗಿತು. ಅವಳು ಎದ್ದು, ಏಳೂ ಕಣಗಳನ್ನು ಚೀಲಕ್ಕೆ ಹಾಕಿಕೊಂಡಳು. ಮೂರು ಗೆರೆಗೆ ಕೈಮುಗಿದಳು.

"ಬ್ಯಾಡ್ರಿ ದೇವಕಕ್ಕಾ," ಅಂದಳು. "ಇಲ್ಲಿ ಕುಂತ್ರ ನಾ ಬಟ್ಟಿ ನೋಡಂಗಿಲ್ಲ. ದಿನಾ ನಿಮ್ಮ ಮನೀನ ನೋಡ್ಕೋತ ಕುಂದರ್ತೀನಿ."