ಪಿರಮಿಡ್ಡಿನ ಮಗ್ಗುಲಿನ ನಾಯಿ

ಆ ಬೀದಿಗೆ ಹೊಸದಾಗಿ ಬಂದವರೆಲ್ಲ ಮಾಡುವ ತಪ್ಪನ್ನು ಈ ಬರಹಗಾರನೂ ಮಾಡಿದ್ದ. ಮೂಲೆಮನೆಯ ಕಿಟಕಿಯ ಹಿಂದೆ ಅರವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ತೊಡೆಯ ಮೇಲೆ ಇಟ್ಟಿಗೆ ಗಾತ್ರದ ಪುಸ್ತಕ, ಕೈಯಲ್ಲಿ ಚಾಕು. ನೋಡನೋಡುತ್ತಿದ್ದಂತೆ ಪುಸ್ತಕವನ್ನು ಎರಡೂ ಕಡೆ ಹಿಡಿದು ಹಿಂದಕ್ಕೆ ಬಗ್ಗಿಸಿದಳು. ಅದರ ಬೆನ್ನು ಲಟಕ್ಕೆಂದಿತು. ರಟ್ಟನ್ನು ಸುಲಿದು ಆಚೆ ಎಸೆದಳು. ಹಾಳೆಗಳನ್ನು ಕಂತೆಕಂತೆಯಾಗಿ ಕಿತ್ತು ನೆಲದ ಮೇಲೆ ಗುಡ್ಡೆ ಹಾಕಿದಳು. ಪೊಟ್ಟಣದ ಕಾಗದಕ್ಕಾಗಿ ಪುಸ್ತಕದ ಕೊಲೆ ಮಾಡುವ ಇವಳೆಂಥ ಅಕ್ಷರದ್ವೇಷಿ ಎಂದು ತೀರ್ಮಾನಿಸಿ, ಮೂರು ತಿಂಗಳು ಆ ಕಿಟಕಿಯ ಮುಂದೆ ಮುಖ ಸಿಂಡರಿಸಿಕೊಂಡೇ ಓಡಾಡಿದ್ದಾಯಿತು. ನಾಲ್ಕು ಅಕ್ಷರ ಕಲಿತವರಿಗೆ ಈ ಥರದ ಗತ್ತು ಬಲು ಬೇಗ ಹತ್ತುತ್ತದೆ. ನಾಲ್ಕನೆಯ ತಿಂಗಳು ಮನೆಯ ನಿಘಂಟು ಬೆನ್ನು ಬಿಟ್ಟುಕೊಂಡಾಗ, ಅದನ್ನು ಹೊತ್ತುಕೊಂಡು ಹೋಗಬೇಕಾದ ಮನೆ ಅದೇ ಎಂದು ತಿಳಿಯಿತು.

ಆಕೆ ಪುಸ್ತಕ ಕಟ್ಟುವವಳು. ಊರಿಗೆಲ್ಲ ರಟ್ಟಜ್ಜಿ. ಹಳೆಯ ಹೊಲಿಗೆ ಬಿಚ್ಚದೆ ಹೊಸದು ಹಾಕಲಾಗುವುದಿಲ್ಲ. ಆ ದಿನ ಕಂಡದ್ದು ಕೊಲೆಯಲ್ಲ, ಶಸ್ತ್ರಚಿಕಿತ್ಸೆ. ಮುಂಗೋಣೆಯಲ್ಲಿ ಎರಡು ಒತ್ತುಯಂತ್ರ, ಡಬ್ಬಿಯಲ್ಲಿ ಅಂಟಿನ ಕುಂಚ, ಗೋಡೆಯ ಮೊಳೆಗೆ ನೇತುಬಿದ್ದ ದಾರದ ಲಡಿಗಳು. ನಲವತ್ತು ವರ್ಷದಲ್ಲಿ ಎಷ್ಟು ಪುಸ್ತಕ ಕಟ್ಟಿದೆ ಎಂದು ಆಕೆ ಲೆಕ್ಕವಿಟ್ಟಿಲ್ಲ. ಆದರೆ ಯಾವ ಪುಸ್ತಕವನ್ನು ಕೈಗಿತ್ತರೂ, ಹೆಸರು ನೋಡುವ ಮುಂಚೆ ಅಂಚು ನೋಡುತ್ತಾಳೆ. ಮುಚ್ಚಿದ ಪುಸ್ತಕದ ಹಾಳೆಗಳ ಅಂಚಿನಲ್ಲಿ ಎಲ್ಲಿ ಕೊಳೆ ಕೂತಿದೆಯೋ ಅಲ್ಲಿ ಓದಿದ್ದಾರೆ. ಬೆಳ್ಳಗಿದ್ದಲ್ಲಿ ಓದಿಲ್ಲ. ಆಕೆಯ ವಿಮರ್ಶಾಶಾಸ್ತ್ರ ಇಷ್ಟೇ.

ಮಗಳು ದವಾಖಾನೆಯಲ್ಲಿ ನರ್ಸು. ಅಳಿಯ ಲಾರಿ ಓಡಿಸುತ್ತಾನೆ, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಮೊಮ್ಮಗಳಿಗೆ ಹತ್ತು ವರ್ಷ. ಮಾತು ಶುರುವಾಗುವಾಗ ಹುಡುಗಿಯ ನಾಲಿಗೆ ಅಲ್ಲೇ ತೊಡರಿಕೊಳ್ಳುತ್ತದೆ. ಶಾಲೆಯಲ್ಲಿ ಮಕ್ಕಳು ಅಣಕಿಸಿದರು, ಅದನ್ನು ಸಹಿಸಿಕೊಂಡಳು. ಒಂದು ದಿನ ಮೇಷ್ಟ್ರೂ ಅಣಕಿಸಿದರು. ಅವತ್ತಿನಿಂದ ಬಾಯಿಗೆ ಬೀಗ. ರಟ್ಟಜ್ಜಿ ಶಾಲೆಗೆ ಹೋಗಿ ಚೀಲ ಎತ್ತಿಕೊಂಡು ಬಂದಳು. “ಬಾ ಪುಟ್ಟಿ, ನಮ್ಮನೇಲಿ ಕಾಗದಕ್ಕೇನು ಬರ ಇಲ್ಲ” ಅಂದಳು. ಪಾಠ ಮನೆಯಲ್ಲೇ ಶುರುವಾಯಿತು.

ಆ ಬೀಗ ತೆಗೆದದ್ದು ಒಂದು ಹರಕು ಪುಸ್ತಕ. ಇಪ್ಪತ್ತು ವರ್ಷದ ಹಿಂದೆ ಯಾರೋ ಕಟ್ಟಿಸಲು ಕೊಟ್ಟು ವಾಪಸು ಬಾರದೆ ಹೋದ, ಮಕ್ಕಳಿಗಾಗಿ ಚಿತ್ರ ಬರೆದ ಪ್ರಪಂಚದ ಇತಿಹಾಸ. ಕೊನೆಯ ಹಾಳೆಗಳು ಕಳೆದುಹೋಗಿರುವುದರಿಂದ ಅದರಲ್ಲಿ ರೈಲು ಹುಟ್ಟುವ ಮುಂಚೆಯೇ ಪ್ರಪಂಚ ಮುಗಿದುಹೋಗುತ್ತದೆ. ಬಣ್ಣವಿಲ್ಲ, ಬರೀ ಗೆರೆಚಿತ್ರ. ರಾಜರು ಕಡಿಮೆ, ಕುಂಬಾರರು, ಚಪ್ಪಲಿ ಹೊಲಿಯುವವರು, ಕಲ್ಲು ಎಳೆಯುವವರು ಜಾಸ್ತಿ. ಒಂದು ಚಿತ್ರದಲ್ಲಿ ಸೋರುವ ಮಡಕೆ ಎತ್ತಿಹಿಡಿದ ಹೆಂಗಸು ಕುಂಬಾರನ ಮೇಲೆ ಕೂಗಾಡುತ್ತಿದ್ದಾಳೆ. ಹುಡುಗಿ ಅದನ್ನು ಅರ್ಧ ದಿನ ನೋಡುತ್ತ ಕೂತಳು. ಕಡೆಗೆ, “ಅಜ್ಜಿ, ಇ... ಇವಳು ಏನಂತ ಬೈತಿದಾಳೆ?” ಅಂದಳು. ನಾಲ್ಕು ತಿಂಗಳಲ್ಲಿ ಅದು ಮೊದಲನೆಯ ಮಾತು.

“ನಂಗೇನು ಗೊತ್ತು? ನೀನೇ ಬೈದು ತೋರ್ಸು” ಅಂದಳು ಅಜ್ಜಿ, ಕುಂಚದಿಂದ ಕಣ್ಣು ಎತ್ತದೆ.

ಹುಡುಗಿ ಬೈದು ತೋರಿಸಿದಳು. ದಿನವೂ ಬೈದಳು.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮನೆಯಲ್ಲೇ ಮಕ್ಕಳಿಗೆ ಕಲಿಸುವ ಒಂಬತ್ತು ಕುಟುಂಬಗಳು ಸೇರಿ ಒಂದು ಬಳಗ ಮಾಡಿಕೊಂಡಿದ್ದವು, ಮತ್ತು ಬಳಗ ಎಂದಮೇಲೆ ಅದಕ್ಕೊಬ್ಬ ಅಧ್ಯಕ್ಷ ಬೇಕೇ ಬೇಕು. ಈ ಅಧ್ಯಕ್ಷರು ಯಾವುದೋ ಕಂಪನಿಯಲ್ಲಿ ಇನ್ನೊಬ್ಬರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದವರು. ಅದನ್ನು ಬಿಟ್ಟಮೇಲೂ ತರಬೇತಿ ಕೊಡುವುದನ್ನು ಬಿಟ್ಟಿರಲಿಲ್ಲ. ಗಂಟೆ ಎಷ್ಟು ಎಂದು ಕೇಳಿದರೆ ಕಾಲಮಾಪನದ ಚರಿತ್ರೆಯಿಂದ ಶುರುಮಾಡುವ ಅವರಿಗೆ ರಟ್ಟಜ್ಜಿ ವಿಶ್ವಕೋಶ ಸರ್ ಎಂದು ಹೆಸರಿಟ್ಟಿದ್ದಳು. ಅವರು ಅದನ್ನು ಬಿರುದು ಎಂದುಕೊಂಡಿದ್ದರು.

ತಿಂಗಳ ಮೊದಲ ಶನಿವಾರ ವಿಶ್ವಕೋಶ ಸರ್ ಮನೆಯ ಮಹಡಿಯಲ್ಲಿ ಮಕ್ಕಳು ಒಬ್ಬೊಬ್ಬರೇ ಎದ್ದು ನಿಂತು ಇತಿಹಾಸದ ಒಂದು ಪುಟ ಹೇಳಬೇಕು. ಇದುವರೆಗೆ ಅವರವರ ಮನೆಯ ಪುಸ್ತಕ ನಡೆಯುತ್ತಿತ್ತು. ಈ ಅರಾಜಕತೆಯನ್ನು ನೋಡಿ ಸರ್‌ಗೆ ನಿದ್ದೆ ಹತ್ತಲಿಲ್ಲವಂತೆ. ಇನ್ನು ಮುಂದೆ ಇಡೀ ಬಳಗಕ್ಕೆ ಒಂದೇ ಸಚಿತ್ರ ಇತಿಹಾಸ; ಆರಿಸಿದ ಮೇಲೆ ಮೂರು ವರ್ಷ ಬೇರೆ ಪುಸ್ತಕದ ಪುಟ ಯಾರೂ ಹೇಳುವಂತಿಲ್ಲ ಎಂದು ಸುತ್ತೋಲೆ ಹೊರಟಿತು. ಜೊತೆಗೆ ಮೂವತ್ತನಾಲ್ಕು ಅಂಶಗಳ ಅಂಕಪಟ್ಟಿ. ಒಂಬತ್ತನೆಯ ಅಂಶ ‘ಜಾಗತಿಕ ಸಮಗ್ರತೆ’. ಇಪ್ಪತ್ತೊಂದನೆಯದು ‘ಸಮಗ್ರ ಜಾಗತಿಕತೆ’. ಎರಡಕ್ಕೂ ಏನು ವ್ಯತ್ಯಾಸ ಎಂದು ಬಳಗದ ಹಲ್ಲಿನ ಡಾಕ್ಟರು ಕೇಳಿಬಿಟ್ಟರು. ಸರ್ ಇಪ್ಪತ್ತು ನಿಮಿಷ ವಿವರಿಸಿದರು. ಊರವರ ಬಾಯಿ ತೆರೆಸುವ ಡಾಕ್ಟರು ಅವತ್ತು ತಾವೇ ಬಾಯಿ ತೆರೆದುಕೊಂಡು ಕೂತಿದ್ದರು.

ಸುತ್ತೋಲೆ ಓದಿದ ಹುಡುಗಿ ಊಟ ಬಿಟ್ಟಳು. “ನಂ... ನಂಗೆ ಬೇರೆ ಪುಸ್ತಕದಲ್ಲಿ ಮಾತು ಬರಲ್ಲ ಅಜ್ಜಿ” ಅಂದಳು. ಮುಂದಿನ ಶನಿವಾರ ಮಡಕೆಯ ಪುಟ ಹೇಳಲೆಂದು ಅವಳು ಒಂದು ತಿಂಗಳಿಂದ ಕನ್ನಡಿಯ ಮುಂದೆ ನಿಂತು ಸಿದ್ಧವಾಗಿದ್ದಳು. ರಟ್ಟಜ್ಜಿ ಹರಕು ಪುಸ್ತಕವನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಶನಿವಾರ ಮೊಮ್ಮಗಳ ಕೈ ಹಿಡಿದು ಮಹಡಿ ಹತ್ತಿದಳು.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹನ್ನೆರಡು ಸಂಪುಟ ಜೋಡಿಸಿದ್ದರು. ಚಿನ್ನದ ಬಣ್ಣ ಬಳಿದ ಅಂಚು, ಪುಟದ ಗುರುತಿಗೆ ರೇಷ್ಮೆ ಪಟ್ಟಿ, ಅಂಗೈಯಷ್ಟು ಅಗಲದ ಮುದ್ರೆ. ರಟ್ಟಿನ ಮೇಲಿದ್ದ ಹನ್ನೆರಡು ರಾಜರಿಗೂ ಒಂದೇ ದವಡೆ. ಬೇರೆಬೇರೆ ದೇಶದವರಾದರೂ ಒಂದೇ ತಾಯಿ ಹೆತ್ತಂತಿದ್ದರು.

“ಅಮ್ಮ, ನೀವು ರಟ್ಟಿನ ಬಾಳಿಕೆ ಬಗ್ಗೆ ಎರಡು ಮಾತು ಹೇಳಿದ್ರೆ ಸಾಕು” ಅಂದರು ವಿಶ್ವಕೋಶ ಸರ್. “ಒಳಗಿಂದೆಲ್ಲ ಸಮಿತಿ ನೋಡ್ಕೊಂಡಿದೆ. ಮುನ್ನೂರ ನಲವತ್ತಕ್ಕೆ ಮುನ್ನೂರ ಮೂವತ್ತೆಂಟು ಅಂಕ.”

“ಆ ಎರಡು ಯಾಕೆ ಹೋಯ್ತು?”

“ತೂಕ ಸ್ವಲ್ಪ ಜಾಸ್ತಿ.”

“ಇವರು ಬಹಳ ಕಟ್ಟುನಿಟ್ಟು” ಅಂದರು ಸರ್ ಅವರ ಹೆಂಡತಿ, ಗಂಡನ ಕಡೆ ನೋಡುತ್ತ.

ರಟ್ಟಜ್ಜಿ ಎರಡನೆಯ ಸಂಪುಟ ಎತ್ತಿಕೊಂಡಳು. ಅಭ್ಯಾಸದಂತೆ ಮೊದಲು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಹೆಬ್ಬೆರಳು ಅಲ್ಲೇ ನಿಂತಿತು.

“ಸರ್, ಇದನ್ನ ಎಷ್ಟು ದಿನದಿಂದ ಓದಿಸ್ತಿದೀರಿ?”

“ಒಂದು ವರ್ಷ ಆಯ್ತು. ಪ್ರಯೋಗಾರ್ಥವಾಗಿ ಮೊದಲು ನಮ್ಮ ಮನೆಗೇ ತರಿಸಿದ್ದು. ನಮ್ಮ ಮಕ್ಕಳು ಅರೆದು ಕುಡಿದಿದಾರೆ.”

“ಅರೆದು ಕುಡಿದಿರಬಹುದು. ತೆರೆದಂತೂ ಇಲ್ಲ.”

ಚಿನ್ನ ಬಳಿದ ಅಂಚು ಮೊದಲ ಸಲ ತೆರೆಯುವಾಗ ಹಾಳೆ ಹಾಳೆಯೂ ಟಿಕ್ ಟಿಕ್ ಎಂದು ಬಿಟ್ಟುಕೊಳ್ಳುತ್ತದೆ. ರಟ್ಟಜ್ಜಿ ತೆರೆಯುತ್ತ ಹೋದಳು. ಆ ಸದ್ದು ಎಲ್ಲರಿಗೂ ಕೇಳಿಸಿತು. ರೇಷ್ಮೆ ಪಟ್ಟಿ ಕಾರ್ಖಾನೆಯಲ್ಲಿ ಮಡಿಸಿಟ್ಟಂತೆಯೇ ಇತ್ತು. ಈಜಿಪ್ಟಿನ ಅಧ್ಯಾಯ ಬಂತು. ಪಿರಮಿಡ್ಡಿನ ನೆರಳಲ್ಲಿ ದವಡೆಯ ರಾಜ ನಿಂತಿದ್ದ, ಮುಂದಿನ ಪುಟದಲ್ಲಿ ಅವನ ಸಮಾಧಿಯ ಗುಟ್ಟು ಹೇಳುವುದಾಗಿ ಬರೆದಿತ್ತು. ರಟ್ಟಜ್ಜಿ ಹಾಳೆ ತಿರುಗಿಸಿದಳು. ಮುಂದಿನ ಪುಟದಲ್ಲಿ ಒದ್ದೆಯಾದ ಒಂದು ಬಿಳಿಯ ನಾಯಿ ತೊಟ್ಟಿಯಲ್ಲಿ ನಿಂತು ಮೈಯೆಲ್ಲ ನೊರೆ ಮಾಡಿಕೊಂಡು ನಗುತ್ತಿತ್ತು. ಕೆಳಗೆ: ‘ಕಿವಿಯೊಳಗೆ ಸೋಪು ಹೋಗದಂತೆ ಎಚ್ಚರ ವಹಿಸಿ.’

ಡಾಕ್ಟರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಾಯಿ ಅಲ್ಲೇ ಇತ್ತು.

“ಇದು... ಪ್ರಾಚೀನ ಈಜಿಪ್ಟಿನಲ್ಲಿ ಪ್ರಾಣಿಗಳಿಗೆ ವಿಶೇಷ ಸ್ಥಾನ ಇತ್ತು” ಅಂದರು ವಿಶ್ವಕೋಶ ಸರ್. ಸೋಲು ಒಪ್ಪುವ ವಿಷಯ ಅವರು ಕಲಿಸಿದ ಯಾವ ತರಬೇತಿಯಲ್ಲೂ ಇರಲಿಲ್ಲ. “ಪ್ರಕಾಶಕರು ದೈನಂದಿನ ಬದುಕಿನ ಆಯಾಮವನ್ನ ಒಳಗೊಳ್ಳಿಸಿದಾರೆ. ನಮ್ಮ ಹದಿನೇಳನೆಯ ಅಂಶ ಅದೇ.”

ಡಾಕ್ಟರು ಇನ್ನೊಂದು ಹಾಳೆ ತಿರುಗಿಸಿದರು. “ಸರ್, ಇಲ್ಲಿ ನಾಯಿ ಕೂದಲನ್ನ ಕರೆಂಟಿನ ಯಂತ್ರದಲ್ಲಿ ಒಣಗಿಸ್ತಿದಾರೆ. ಪಿರಮಿಡ್ಡಲ್ಲಿ ಪ್ಲಗ್ ಇತ್ತಾ?”

ಯಾರೋ ಕಿಸಕ್ಕೆಂದರು. ಸರ್ ತಮ್ಮ ಅವಳಿ ಹೆಣ್ಣುಮಕ್ಕಳ ಕಡೆ ತಿರುಗಿ, “ಹೇಳ್ರಮ್ಮ, ನೀವು ಓದಿದೀರಲ್ಲ ಇದನ್ನ?” ಎಂದು ಆಸರೆ ಬೇಡಿದರು.

“ಇಲ್ಲಪ್ಪ. ಮುಟ್ಟಿದ್ರೆ ಬೆರಳಿನ ಗುರುತು ಬೀಳತ್ತೆ ಅಂತ ನೀನೇ ಬೀರುಗೆ ಬೀಗ ಹಾಕಿಟ್ಟಿದೀಯಲ್ಲ” ಅಂದಳು ಒಬ್ಬಳು.

“ಅಪ್ಪ ಬೀರು ಮುಂದೆ ನಿಂತ್ಕೊಂಡು ಹೇಳ್ತಾರೆ, ನಾವು ಕೇಳ್ಕೋತೀವಿ” ಅಂದಳು ಇನ್ನೊಬ್ಬಳು.

ರಟ್ಟಜ್ಜಿ ನಗಲಿಲ್ಲ. ಕಸುಬಿನ ತಪ್ಪನ್ನು ನೋಡಿ ಆಕೆಗೆ ನಗು ಬರುವುದಿಲ್ಲ. “ಹದಿನಾರು ಪುಟಕ್ಕೆ ಒಂದು ಕಂತೆ. ಅಚ್ಚಾದ ಕಂತೆಗಳನ್ನ ಪಕ್ಕಪಕ್ಕ ಪೇರಿಸಿಟ್ಟಿರ್ತಾರೆ, ಒಂದೊಂದೇ ಎತ್ತಿ ಜೋಡಿಸ್ಬೇಕು. ನಾಯಿ ಪುಸ್ತಕದ ರಾಶಿ ಪಕ್ಕದಲ್ಲೇ ಇತ್ತು, ಕೈ ತಪ್ಪಿದೆ. ಹೊಲಿಯೋಕೆ ಮುಂಚೆ ಒಂದ್ಸಲ ತಿರುವಿ ನೋಡ್ಬೇಕಿತ್ತು. ಅವರು ನೋಡಿಲ್ಲ. ಮುನ್ನೂರ ಮೂವತ್ತೆಂಟು ಕೊಡೋಕೆ ಮುಂಚೆ ನೀವೂ ನೋಡಿಲ್ಲ.” ಆಮೇಲೆ ತನ್ನಷ್ಟಕ್ಕೆ ಎಂಬಂತೆ, “ಪಾಪ, ಎಲ್ಲೋ ಒಬ್ಬರು ನಾಯಿ ಸ್ನಾನಕ್ಕೆ ಅಂತ ಪುಸ್ತಕ ತೆಗೆದು, ಹೆಣಕ್ಕೆ ಬಟ್ಟೆ ಸುತ್ತೋದು ಹೇಗೆ ಅಂತ ಓದ್ತಾ ಕೂತಿರ್ತಾರೆ” ಅಂದಳು.

ಪೇಪರು ಬಿಚ್ಚಿ ಹರಕು ಪುಸ್ತಕವನ್ನು ಚಿನ್ನದ ಸಂಪುಟದ ಪಕ್ಕದಲ್ಲಿ ನಿಲ್ಲಿಸಿದಳು. ಅದರ ಅಂಚಿನಲ್ಲಿ, ಮಡಕೆಯ ಪುಟ ಇರುವ ಜಾಗದಲ್ಲಿ, ಬೆರಳಗಲದ ಕಪ್ಪು ಗೆರೆ.

“ಇದು ಕೊಳಕು ಪುಸ್ತಕ ಅಂತ ನಿಮಗೆ ಕಾಣ್ಬಹುದು. ಇದು ನನ್ನ ಮೊಮ್ಮಗಳ ಬೆರಳು. ಇದನ್ನ ಬಿಡು ಅಂತ ನಾನು ಹೇಳಲ್ಲ. ನೀವು ಹೇಳೋದಾದ್ರೆ, ನೀವು ಆರಿಸಿದ್ದರಲ್ಲಿ ಇಂಥದ್ದೊಂದು ಗೆರೆ ತೋರಿಸಿ ಆಮೇಲೆ ಹೇಳಿ.”

ದೊಡ್ಡವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು: ಉಪಸಮಿತಿ ರಚಿಸಿದರು. ಉಪಸಮಿತಿಯ ವರದಿ ಬರುವವರೆಗೆ ಅವರವರ ಪುಸ್ತಕ ಅವರವರಿಗೆ ಎಂದು ಡಾಕ್ಟರು ಸೂಚಿಸಿದರು, ಎಂಟು ಕೈ ಎದ್ದವು. ಒಂಬತ್ತನೆಯದು ತಲೆ ಕೆರೆದುಕೊಳ್ಳುತ್ತಿತ್ತು. ವರದಿ ಇವತ್ತಿಗೂ ಬಂದಿಲ್ಲ.

ಮಕ್ಕಳ ಸರದಿ ಬಂತು. ಹುಡುಗಿ ಎದ್ದು ನಿಂತಳು. “ಕ್... ಕ್...” ಎಂದು ತೊಡರಿತು. ರಟ್ಟಜ್ಜಿ ಸೂರಿನ ಫ್ಯಾನು ನೋಡತೊಡಗಿದಳು. ಹುಡುಗಿ ಕಣ್ಣು ಮುಚ್ಚಿ, ಸೊಂಟಕ್ಕೆ ಕೈ ಇಟ್ಟು, ಐದು ಸಾವಿರ ವರ್ಷದ ಹಿಂದಿನ ಆ ಹೆಂಗಸಾಗಿಬಿಟ್ಟಳು. “ಏನಯ್ಯಾ ಕುಂಬಾರ, ನೀನು ಮಾಡಿದ್ದು ಮಡಕೆನೋ ಜರಡಿನೋ? ಬಾವಿಯಿಂದ ಮನೆಗೆ ಹೋಗೋದ್ರೊಳಗೆ ಅರ್ಧ ಬೀದಿ ತೊಳೆದುಬಿಟ್ಟೆ!” ಬೈಗುಳ ಎಲ್ಲೂ ತೊಡರಲಿಲ್ಲ. ಬೈದು ಮುಗಿಸಿ, ಮಣ್ಣು ಹದವಾಗಿ ಬೇಯದಿದ್ದರೆ ಮಡಕೆ ಹೇಗೆ ಜಿನುಗುತ್ತದೆ, ಜನ ಮಡಕೆ ಸುಡುವ ಆವಿಗೆ ಕಟ್ಟುವುದನ್ನು ಹೇಗೆ ಕಲಿತರು ಎಂದು ನಾಲ್ಕು ಕಡೆ ತೊಡರಿ, ಮತ್ತೆ ಮುಂದುವರಿದು, ಪುಟ ಮುಗಿಸಿದಳು. ಅವಳಿಗಳು ಇನ್ನೊಂದು ಸಲ ಬೈ ಎಂದು ಗೋಗರೆದರು. ರಟ್ಟಜ್ಜಿ ಇನ್ನೂ ಫ್ಯಾನನ್ನೇ ನೋಡುತ್ತಿದ್ದಳು. ಫ್ಯಾನು ತಿರುಗುತ್ತಲೇ ಇರಲಿಲ್ಲ.

ನಾಲ್ಕು ದಿನ ಬಿಟ್ಟು ವಿಶ್ವಕೋಶ ಸರ್ ಮೂಲೆಮನೆಯ ಕಿಟಕಿಯ ಹತ್ತಿರ ಬಂದರು. ಟವೆಲಿನಲ್ಲಿ ಸುತ್ತಿದ ಎರಡನೆಯ ಸಂಪುಟ ಕಂಕುಳಲ್ಲಿತ್ತು. ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಳಗೆ ಬಗ್ಗಿದರು.

“ಅಮ್ಮ, ಆ ನಾಯಿ ಪುಟಗಳನ್ನ ನಾಜೂಕಾಗಿ ತೆಗೆದು ಮತ್ತೆ ಹೊಲಿದುಬಿಟ್ರೆ, ನಡುವೆ ಹದಿನಾರು ಪುಟ ಇಲ್ಲ ಅಂತ ಓದೋವಾಗ ನಮಗೆ ಗೊತ್ತಾಗತ್ತಾ?”

ರಟ್ಟಜ್ಜಿ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ.

“ನಾಯಿ ಇದ್ದಾಗಲೇ ಗೊತ್ತಾಗ್ಲಿಲ್ಲ ನಿಮಗೆ.”